7ನೇ ತರಗತಿಯ ಮಗುವಿಗೆ ಭೂವಿಜ್ಞಾನ, ಖಗೋಳ ಕಲಿಯಲು ಒಳ್ಳೆಯ ವೆಬ್‌ಸೈಟ್‌ಗಳು ಯಾವುವು?

"ಎಷ್ಟು ಲಿಂಕ್ ಆದರೂ ಸರಿ, ಇರುವುದನ್ನೆಲ್ಲ ಕೊಡಿ" ಅಂತ ಕೇಳಿದ್ದೀರಿ. ನಾನು ಕೊಡುವುದು ಎರಡು, ಬೇಕೇ ಬೇಕು ಅಂದರೆ ಮೂರು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನನ್ನ ಮಗ 6ನೇ ತರಗತಿ ಮುಗಿಸಿದ ರಜೆಯಲ್ಲಿ ನಾನೂ ನಿಮ್ಮ ಹಾಗೇ ಲಿಂಕ್ ಕೂಡಿಹಾಕಿದ್ದೆ. ವಿಡಿಯೊ, ಕ್ವಿಜ್, ಜ್ವಾಲಾಮುಖಿಯ ಅನಿಮೇಶನ್, ಗ್ರಹಗಳ ಆಟ, ಎಲ್ಲ ಸೇರಿ 63. ಅವನ್ನೆಲ್ಲ ಒಂದು ಶೀಟ್‌ನಲ್ಲಿ ಬರೆದು, ದಿನಕ್ಕೆ ಎರಡರಂತೆ ಹಂಚಿ, ಮುಗಿದ ಹಾಗೆ ಟಿಕ್ ಹಾಕುತ್ತಾ ಹೋದೆ. ಅವನೂ ಖುಷಿಯಿಂದಲೇ ನೋಡುತ್ತಿದ್ದ.

ಒಂದು ದಿನ ಚಂದ್ರ ಬೆಳೆಯುವ, ಕರಗುವ ಚಿತ್ರ ಬಂತು. ನೀವೂ ನೋಡಿರುತ್ತೀರಿ. ನಡುವೆ ಭೂಮಿ, ಒಂದು ಪಕ್ಕದಲ್ಲಿ ಸೂರ್ಯನ ಬೆಳಕು, ಸುತ್ತ ಎಂಟು ಚಂದ್ರ. ಮಗ ಹುಣ್ಣಿಮೆಯ ಚಂದ್ರನ ಮೇಲೆ ಬೆರಳಿಟ್ಟು ಕೇಳಿದ: "ಇಲ್ಲಿ ಭೂಮಿ ಅಡ್ಡ ಇದೆಯಲ್ಲ ಅಮ್ಮ, ಬೆಳಕು ಹೇಗೆ ಹೋಗುತ್ತೆ?" ನಾನು ಗಡಿಯಾರ ನೋಡಿ, "ಅದು ಗ್ರಹಣದ ಪಾಠದಲ್ಲಿ ಬರುತ್ತೆ, ಈಗ ಇದನ್ನ ಮುಗಿಸು" ಅಂದೆ. ಟಿಕ್ ಹಾಕಿ ಮುಂದಿನ ಲಿಂಕ್ ತೆರೆದೆ.

ಆರು ತಿಂಗಳಾದ ಮೇಲೆ ಶಾಲೆಯ ಪರೀಕ್ಷೆಯಲ್ಲಿ, ಚಂದ್ರ ದಿನೇ ದಿನೇ ಕರಗುವುದು ಯಾಕೆ ಅಂತ ಕೇಳಿದ್ದಕ್ಕೆ "ಭೂಮಿಯ ನೆರಳು ಬೀಳುವುದರಿಂದ" ಅಂತ ಬರೆದಿದ್ದ. ವಿಡಿಯೊ ನೋಡಿದ್ದೆವಲ್ಲ ಅಂದೆ. "ಅವತ್ತು ಕೇಳಿದ್ನಲ್ಲ, ನೀನು ಆಮೇಲೆ ಅಂದೆ. ನೆರಳೇ ಇರಬೇಕು ಅಂದ್ಕೊಂಡೆ" ಅಂದ. ಅಂಕ ಹೋದದ್ದಕ್ಕೆ ನನಗೆ ಬೇಸರ ಆಗಲಿಲ್ಲ. ಈ ಆರು ತಿಂಗಳಲ್ಲಿ ಅವನು ಇನ್ನೊಂದು ಪ್ರಶ್ನೆಯನ್ನೂ ಕೇಳಿರಲಿಲ್ಲ ಅನ್ನುವುದು ಆಗ ಹೊಳೆಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಗ ಚಿತ್ರವನ್ನು ಸರಿಯಾಗಿಯೇ ಓದಿದ್ದ. ಕಾಗದದ ಮೇಲೆ ಸೂರ್ಯ, ಭೂಮಿ, ಚಂದ್ರ ಒಂದೇ ಗೆರೆಯಲ್ಲಿದ್ದರೆ ನೆರಳು ಬೀಳಲೇಬೇಕು ಅಲ್ವಾ? ಕೊರತೆ ಇದ್ದದ್ದು ಚಿತ್ರದಲ್ಲಿ. ಅದರಲ್ಲಿ ಚಂದ್ರ ಭೂಮಿಯಿಂದ ಎರಡು ಬೆರಳು ದೂರ. ನಿಜಕ್ಕೂ ನಡುವೆ ಸುಮಾರು 3,84,400 ಕಿ.ಮೀ., ಮೂವತ್ತು ಭೂಮಿಗಳನ್ನು ಸಾಲಾಗಿ ಇಡುವಷ್ಟು ಜಾಗ. ಅಷ್ಟು ದೂರದಲ್ಲಿ ಭೂಮಿಯ ದಟ್ಟ ನೆರಳಿನ ಅಗಲ ಮೂರು ಚಂದ್ರನಷ್ಟೂ ಇಲ್ಲ. ಇನ್ನು ಭೂಮಿ ಸೂರ್ಯನನ್ನು ಸುತ್ತುವ ದಾರಿಗೆ ಹೋಲಿಸಿದರೆ ಚಂದ್ರ ಸುತ್ತುವ ದಾರಿ 5 ಡಿಗ್ರಿಯಷ್ಟು ಓರೆ. ನಮ್ಮ ಕಣ್ಣಿಗೆ ಚಂದ್ರನ ಅಗಲ ಅರ್ಧ ಡಿಗ್ರಿ. ಅಂದರೆ ಹತ್ತು ಚಂದ್ರರನ್ನು ಪೇರಿಸಿದಷ್ಟು ಮೇಲೆ, ಇಲ್ಲವೇ ಕೆಳಗೆ ಅವನು ಹೋಗಬಲ್ಲ. ಹಾಗಾಗಿ ಹೆಚ್ಚಿನ ಹುಣ್ಣಿಮೆಗಳಲ್ಲಿ ನೆರಳು ಅವನನ್ನು ಮುಟ್ಟುವುದೇ ಇಲ್ಲ. ಇಷ್ಟು ಹೇಳಲು ಹತ್ತು ನಿಮಿಷ ಸಾಕಿತ್ತು. ನನಗೆ ಗೊತ್ತಿರಲಿಲ್ಲ, ನಿಜ. ಹುಡುಕೋಣ ಬಾ ಅನ್ನಬಹುದಿತ್ತು. ಅನ್ನಲಿಲ್ಲ, ಯಾಕೆಂದರೆ ಮುಂದೆ ಇನ್ನೂ ನಲವತ್ತು ಲಿಂಕ್ ಕಾಯುತ್ತಿದ್ದವು.

ಅದನ್ನು ಸರಿ ಮಾಡಿದ್ದು ಒಂದು ಬಿಳಿ ಚೆಂಡು. ಹುಣ್ಣಿಮೆ ಕಳೆದು ಏಳೆಂಟು ದಿನಕ್ಕೆ, ಬೆಳಗ್ಗೆ ಬಿಸಿಲು ಬಂದ ಮೇಲೂ ಪಡುವಣದಲ್ಲಿ ಅರ್ಧಚಂದ್ರ ಕಾಣುತ್ತಾನೆ. ಮಗನನ್ನು ಹೊರಗೆ ಕರೆದು, ಚೆಂಡನ್ನು ಚಂದ್ರನ ಪಕ್ಕಕ್ಕೆ ಬರುವಂತೆ ಕೈ ಚಾಚಿ ಹಿಡಿ ಅಂದೆ. ಚೆಂಡಿನ ಅರ್ಧ ಬೆಳ್ಳಗೆ, ಅರ್ಧ ಮಬ್ಬು. ಪಕ್ಕದ ಚಂದ್ರನೂ ಅದೇ ಅಳತೆಗೆ ಅರ್ಧ, ಬೆಳಗಿದ ಕಡೆಯೂ ಅದೇ. ಅವನು ಸುಮ್ಮನೆ ನೋಡುತ್ತಾ ನಿಂತ. ಆಮೇಲೆ ಬೆನ್ನ ಹಿಂದಿನ ಸೂರ್ಯನನ್ನು ತೋರಿಸಿ, "ಭೂಮಿ ನೆರಳು ಸೂರ್ಯನ ಎದುರಿಗೆ ಇರ್ಬೇಕು. ಅಂದ್ರೆ ಈಗ ಅದು ಅಲ್ಲಿ, ನೆಲದ ಕೆಳಗೆ. ಚಂದ್ರನ ಹತ್ರ ಇಲ್ಲವೇ ಇಲ್ಲ" ಅಂದ. ನಾನು ಬಾಯಿ ತೆರೆದಿರಲಿಲ್ಲ. (ಸೂರ್ಯನನ್ನು ನೇರವಾಗಿ ನೋಡಬಾರದು ಅಂತ ಮೊದಲೇ ಹೇಳಿಡಿ.)

ಆಮೇಲಷ್ಟೇ ಸ್ಟೆಲೇರಿಯಂ ತೆರೆದೆವು, ಆಕಾಶವನ್ನು ಪರದೆಯ ಮೇಲೆ ತೋರಿಸುವ ತಂತ್ರಾಂಶ ಅದು. ನಾನು ಹೇಳುವ ಮೊದಲ ಲಿಂಕ್ ಇದೇ. ಉಚಿತ, ಕಂಪ್ಯೂಟರ್‌ಗೆ ಹಾಕಿಕೊಳ್ಳುವ ಆವೃತ್ತಿಯನ್ನೇ ತೆಗೆದುಕೊಳ್ಳಿ. ಜಿ ಒತ್ತಿ ನೆಲವನ್ನು, ಎ ಒತ್ತಿ ಹಗಲಿನ ಬೆಳಕನ್ನು ತೆಗೆಯಿರಿ. ಕಾಮಾ ಒತ್ತಿದರೆ ಸೂರ್ಯ ಸಾಗುವ ದಾರಿ ಗೆರೆಯಾಗಿ ಬರುತ್ತದೆ. ಚಂದ್ರನನ್ನು ಆರಿಸಿ, ಸ್ಪೇಸ್ ಒತ್ತಿ, ಆಮೇಲೆ ಸಮ ಚಿಹ್ನೆಯ ಕೀ ಒತ್ತುತ್ತಾ ಹೋಗಿ. ಒಂದೊಂದು ಒತ್ತಿಗೂ ಒಂದು ದಿನ ಮುಂದೆ. ಚಂದ್ರ ಆ ಗೆರೆಯ ಮೇಲೆ ಹೋಗುವುದು, ದಾಟುವುದು, ಕೆಳಗಿಳಿಯುವುದು ಕಾಣುತ್ತದೆ. ದಾಟುವ ಹೊತ್ತಿಗೆ ಹುಣ್ಣಿಮೆಯೂ ಬಂದರೆ ಗ್ರಹಣ. ಮಗ ಅವತ್ತು ಕೇಳಿದ್ದಕ್ಕೆ ಉತ್ತರ ಅವನ ಬೆರಳ ತುದಿಯಲ್ಲೇ ಸಿಕ್ಕಿತು.

ಎರಡನೆಯದು ಅಮೆರಿಕದ ಭೂವಿಜ್ಞಾನ ಸಮೀಕ್ಷೆ, ಅಂದರೆ ಯುಎಸ್‌ಜಿಎಸ್‌ನ ಭೂಕಂಪ ನಕ್ಷೆ. ಇಂಗ್ಲಿಷ್ ಕಷ್ಟ ಅಂತ ಬರೆದಿದ್ದೀರಿ. ಇದರಲ್ಲಿ ಮಾತು ಕಡಿಮೆ, ಚುಕ್ಕಿ ಮತ್ತು ಅಂಕಿ ಜಾಸ್ತಿ. 30 ದಿನದ ಕಂಪನಗಳನ್ನು ಆರಿಸಿ, ಖಾಲಿ ಭೂಪಟದ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಲು ಬಿಡಿ. ಪೆಸಿಫಿಕ್‌ನ ಅಂಚು ತಾನಾಗಿಯೇ ಮೂಡುತ್ತದೆ. ಭೂಫಲಕ (ಭೂಮಿಯ ಹೊರಪದರದ ದೊಡ್ಡ ತುಂಡು) ಅನ್ನುವ ಪದವನ್ನು ಆಮೇಲೆ ಹೇಳಿದರೆ ಸಾಕು.

ಮೂರನೆಯದು ನಾಸಾದ ಐಸ್ ಆನ್ ದ ಸೋಲಾರ್ ಸಿಸ್ಟಮ್ (Eyes on the Solar System). ಬಾಹ್ಯಾಕಾಶ ನೌಕೆಗಳು ಎಲ್ಲೆಲ್ಲಿವೆ ಅಂತ ತೋರಿಸುತ್ತದೆ. ಚೆನ್ನಾಗಿದೆ, ಆದರೆ ನೋಡುವುದೇ ಹೆಚ್ಚು, ಮಾಡುವುದು ಕಡಿಮೆ. ಕ್ವಿಜ್ ಸೈಟ್‌ಗಳನ್ನಂತೂ ಈಗ ಮುಟ್ಟಲೇಬೇಡಿ.

ನಕ್ಷೆ ಗುರುತು ಹಾಕುವಾಗ ಮಗ ಕಂಪನದ ಆಳವನ್ನೂ ಬರೆಯತೊಡಗಿದ. ದಕ್ಷಿಣ ಅಮೆರಿಕದ ಪಡುವಣ ಕರಾವಳಿಯಲ್ಲಿ 20, 30 ಕಿ.ಮೀ. ಒಳನಾಡಿಗೆ ಹೋದ ಹಾಗೆ 100, 200. "ಸಮುದ್ರದಿಂದ ದೂರ ಹೋದ್ರೆ ಯಾಕಮ್ಮ ಆಳ ಆಗುತ್ತೆ?" ಅಂದ. ಈ ಸಲ ನಾನು ಗಡಿಯಾರ ನೋಡಲಿಲ್ಲ. ಅವೇ ಅಂಕಿಗಳನ್ನು ಪಕ್ಕದಿಂದ ನೋಡಿದ ಹಾಗೆ, ಆಳವನ್ನು ಕೆಳಮುಖವಾಗಿ ಗ್ರಾಫ್ ಹಾಳೆಯಲ್ಲಿ ಹಾಕಿಸಿದೆ. ಚುಕ್ಕಿಗಳು ಇಳಿಜಾರಾಗಿ ಕೆಳಗಿಳಿದವು. ಸಮುದ್ರದ ತಳವೇ ಖಂಡದ ಅಡಿಗೆ ಜಾರಿ ಹೋಗುತ್ತಿರುವ ಗುರುತು ಅದು. ಆ ಒಂದು ಹಾಳೆಗೆ ನಮಗೆ ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಬೇರೆ ಯಾವ ಲಿಂಕನ್ನೂ ತೆರೆಯಲಿಲ್ಲ.