ಮೆಣಸು ಹುರಿದದ್ದಲ್ಲ, ಒಣಗಿಸಿದ್ದು!

ಪ್ರಶ್ನೆ: ಇಬ್ನ್ ಬತೂತ ಅನ್ನೋ ಅರಬ್ ಪ್ರವಾಸಿ ನಮ್ಮ ಮಲೆನಾಡಿಗೂ ಬಂದಿದ್ದನಂತೆ, ಕಾಳುಮೆಣಸಿನ ಬಗ್ಗೆ ಬರೆದಿದ್ದಾನಂತೆ. ನಿಜವಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೆಣಸಿನ ಮಾತು ನಿಜ. ಆದರೆ ಅವನು ಓಡಾಡಿದ್ದು ಘಟ್ಟದ ಕೆಳಗೆ. ನಿಮ್ಮ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟೋ ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತಲ್ವಾ, ಆ ಹೊನ್ನಾವರದಲ್ಲಿ ಉಳಿದಿದ್ದ. ಅಲ್ಲಿ ಹುಡುಗಿಯರಿಗೇ 13 ಶಾಲೆ, ಹುಡುಗರಿಗೆ 23 ಶಾಲೆ ಕಂಡೆ ಅಂತಾನೆ. 14ನೇ ಶತಮಾನದ ಮಾತು ಇದು!

ಅಂದಹಾಗೆ ಅವನು ಅರೇಬಿಯಾದವನಲ್ಲ. ಮೊರಾಕೊದ ಟ್ಯಾಂಜಿಯರ್‌ನವನು, ಬರೆಸಿದ್ದು ಮಾತ್ರ ಅರಬ್ಬಿಯಲ್ಲಿ. 1304ರಲ್ಲಿ ಹುಟ್ಟಿದ. 21ಕ್ಕೆ ಹಜ್‌ಗೆ ಅಂತ ಮನೆ ಬಿಟ್ಟವನು ದೆಹಲಿಗೆ ಬಂದು, ಮಹಮ್ಮದ್ ಬಿನ್ ತುಘಲಕ್‌ನ ಹತ್ತಿರ ಖಾಜಿ ಆಗಿ, ಆಮೇಲೆ ಅವನ ರಾಯಭಾರಿಯಾಗಿ ಚೀನಾಕ್ಕೆ ಹೊರಟ. ಆ ದಾರಿಯಲ್ಲೇ ನಮ್ಮ ಕರಾವಳಿ ಸಿಕ್ಕಿದ್ದು.

ಈಗ ಮೆಣಸಿಗೆ ಬರೋಣ. ದ್ರಾಕ್ಷಿ ಬಳ್ಳಿ ಥರ ಇರುತ್ತೆ, ತೆಂಗಿನ ಬುಡಕ್ಕೆ ನೆಡ್ತಾರೆ, ಮರಕ್ಕೆ ಹಬ್ಬುತ್ತೆ, ಗೊಂಚಲು ಕೊಯ್ದು ಚಾಪೆ ಮೇಲೆ ಹರಡಿ, ದ್ರಾಕ್ಷಿ ಒಣಗಿಸೋ ಹಾಗೆ ಕಪ್ಪಾಗೋ ತನಕ ಬಿಸಿಲಿಗೆ ಹಾಕಿ ಮಗುಚ್ತಾ ಇರ್ತಾರೆ ಅಂತಾನೆ. ತೆಂಗಿನ ಜಾಗದಲ್ಲಿ ಅಡಿಕೆ, ಚಾಪೆ ಜಾಗದಲ್ಲಿ ಟಾರ್ಪಾಲು ಇಟ್ಟರೆ ನಿಮ್ಮನೆ ಅಂಗಳವೇ. ನನಗೆ ಜಾಸ್ತಿ ಇಷ್ಟವಾದದ್ದು ಇದರ ಮುಂದಿನ ಸಾಲು: ಅವನ ಊರಿನ ಜನ ಮೆಣಸನ್ನು ಬೆಂಕಿಯಲ್ಲಿ ಹುರೀತಾರೆ, ಅದಕ್ಕೇ ಸುಕ್ಕು ಬರುತ್ತೆ ಅಂದುಕೊಂಡಿದ್ದರಂತೆ. ಅಲ್ಲ, ಅದು ಬರೀ ಬಿಸಿಲಿನ ಕೆಲಸ ಅಂತ ತಿದ್ದುತ್ತಾನೆ. ಒಣಗಿಸೋಕೆ ಮುಂಚೆ ಒಂದು ನಿಮಿಷ ಕುದಿಯೋ ನೀರಲ್ಲಿ ಅದ್ದೋ ನಮ್ಮವರ ಉಪಾಯ ಅವನ ಕಣ್ಣಿಗೆ ಬಿದ್ದಿಲ್ಲ, ಇರಲಿ. ಕೊಯ್ಲನ್ನ ಶರತ್ಕಾಲಕ್ಕೆ ಹಾಕಿದ್ದಾನೆ. ನಮ್ಮಲ್ಲಿ ಸಂಕ್ರಾಂತಿ ಕಳೆದ ಮೇಲೆ ತಾನೇ ಜೋರು? ಆದರೆ ಅವನು ಹೇಳ್ತಿರೋದು ಮಲಬಾರಿನ ತೋಟದ ಕಥೆ.

ಇಷ್ಟನ್ನೂ ಅವನು ಹೇಳಿ ಬರೆಸಿದ್ದು ಊರಿಗೆ ವಾಪಸ್ ಹೋದ ಮೇಲೆ, ಹೆಚ್ಚುಕಮ್ಮಿ ನೆನಪಿನಿಂದ. ಕೊಲ್ಲಂನಿಂದ ಹೊನ್ನಾವರಕ್ಕೆ ಬರುವಾಗ ಕಡಲುಗಳ್ಳರು ಹಡಗಿಗೆ ನುಗ್ಗಿ ಉಟ್ಟ ಚಲ್ಲಣ ಒಂದು ಬಿಟ್ಟು ಎಲ್ಲವನ್ನೂ ದೋಚಿದ್ದರು. ಆದರೂ ಕಲ್ಲಿಕೋಟೆಯಲ್ಲಿ ಮೆಣಸನ್ನು ತನ್ನೂರಲ್ಲಿ ಜೋಳ ಅಳೆದ ಹಾಗೆ ಅಳೆದು ಮಾರ್ತಿದ್ದದ್ದು ಅವನಿಗೆ ಮರೆತಿರಲಿಲ್ಲ.