ತೂಕ ಸರಿಯಿದ್ದರೂ ಸಕ್ಕರೆ ಏರುವುದೇಕೆ?

ವಯಸ್ಸು 44, ತೂಕ 62 ಕಿಲೋ, ಸಸ್ಯಾಹಾರ, ತಂಬಾಕು ಮದ್ಯಗಳ ಅಭ್ಯಾಸವಿಲ್ಲ, ತಂದೆಗೆ ಮಧುಮೇಹವಿತ್ತು; ಹೀಗಿರುವಾಗ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 6.1 ಬಂದಿರುವುದು ಲ್ಯಾಬಿನ ತಪ್ಪಿರಬಹುದೇ ಎಂದು ಕೇಳಿದ್ದೀರಿ. ಕಬ್ಬಿಣಾಂಶದ ಕೊರತೆಯಿಂದಲೂ ಈ ಅಂಕಿ ಏರಬಹುದಾದ್ದರಿಂದ ಖಾಲಿ ಹೊಟ್ಟೆಯ ಸಕ್ಕರೆಯನ್ನೊಮ್ಮೆ ಪರೀಕ್ಷಿಸಿಕೊಳ್ಳಿ. ಆದರೆ ಸಣ್ಣಗಿದ್ದೇನೆ ಎಂಬ ಒಂದೇ ಕಾರಣಕ್ಕೆ ವರದಿಯನ್ನು ಅನುಮಾನಿಸಬೇಡಿ. 5.7ರಿಂದ 6.4ರವರೆಗಿನದು ಮಧುಮೇಹಪೂರ್ವ ಸ್ಥಿತಿ, ಮತ್ತು ವೈದ್ಯನಾಗಿ ನಾನು ಅದನ್ನು ನಿಮ್ಮಂಥ ಮೈಕಟ್ಟಿನವರಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದೇನೆ.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ದೇಹಗಳನ್ನೇ ಹೋಲಿಸಿ ತೋರಿಸಿದ್ದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಕೂಡ 22.3, ಆದರೆ ದೇಹದ ಕೊಬ್ಬು ಯಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ನಮ್ಮವರಲ್ಲಿ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಕೊಬ್ಬು ಹೆಚ್ಚು. ಯಕೃತ್ತನ್ನು ಸೇರುವ ಆ ಕೊಬ್ಬೇ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗುತ್ತದೆ. ಇದರ ಬೇರು ಗರ್ಭಾವಸ್ಥೆಯವರೆಗೂ ಹೋಗುತ್ತದೆ: ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳನ್ನು ಹಿಡಿದು ಅಲ್ಲಿ ಹುಟ್ಟಿದವರನ್ನು ಮಧ್ಯವಯಸ್ಸಿನಲ್ಲಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಮಧುಮೇಹಕ್ಕೆ ನಂಟಿರುವ ಹೃದ್ರೋಗ ಹೆಚ್ಚಾಗಿ ಕಂಡುಬಂದಿತ್ತು.

ಆದ್ದರಿಂದ ತೂಕದ ಯಂತ್ರವನ್ನು ಬದಿಗಿಟ್ಟು ಟೇಪು ಹಿಡಿಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ಭಾಗಕ್ಕೂ ನಡುವೆ, ಉಸಿರು ಬಿಟ್ಟಾಗ ಅಳೆಯಬೇಕು. ನಮ್ಮಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ. ಪ್ಯಾಂಟಿನ ಅಳತೆಯನ್ನು ನಂಬಬೇಡಿ. ಹೆಚ್ಚಿನವರು ಅದನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ.

ಊಟದ ವಿಷಯದಲ್ಲಿ ಅನ್ನ ಬಿಟ್ಟು ಅಷ್ಟೇ ಗಾತ್ರದ ಮುದ್ದೆ ಉಂಡರೆ ಸಾಕೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಭಾರತೀಯರ ಆಹಾರ ಶಕ್ತಿಯ ಸುಮಾರು ಶೇ 62 ಭಾಗ ಪಿಷ್ಟ ಸಕ್ಕರೆಗಳಿಂದಲೇ ಬರುತ್ತದೆ ಎಂದು 2025ರಲ್ಲಿ ತಿಳಿಸಿದ ಐಸಿಎಂಆರ್-ಇಂಡಿಯಾಬ್ ಎಂಬ ರಾಷ್ಟ್ರವ್ಯಾಪಿ ಮಧುಮೇಹ ಅಧ್ಯಯನವು, ಒಟ್ಟು ಪ್ರಮಾಣ ಇಳಿಸದೆ ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯ ತಿಂದರೆ ಅಪಾಯ ಕಡಿಮೆಯಾಗುವುದಿಲ್ಲವೆಂದೂ ಹೇಳಿದೆ. ಮುದ್ದೆಯನ್ನು ಬಿಡಬೇಕಿಲ್ಲ, ಚಿಕ್ಕದು ಮಾಡಿ; ಆ ಜಾಗಕ್ಕೆ ಹುರುಳಿಕಾಳಿನ ಸಾರು, ಹೆಸರುಬೇಳೆ ಕೋಸಂಬರಿ, ಸೊಪ್ಪಿನ ಪಲ್ಯ, ಮೊಸರು ಬರಲಿ.

ನಡಿಗೆ ವಾರಕ್ಕೆ 150 ನಿಮಿಷವಾದರೂ ಇರಲಿ, ಆದರೆ ಅದೊಂದೇ ಸಾಲದು. ಊಟದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯು, ಮತ್ತು ವಯಸ್ಸಾದಂತೆ ಸ್ನಾಯು ಕರಗುತ್ತದೆ. ವಾರಕ್ಕೆರಡು ದಿನ ಬಸ್ಕಿ, ದಂಡ ಅಥವಾ ಭಾರ ಎತ್ತುವ ವ್ಯಾಯಾಮವನ್ನು ದಯವಿಟ್ಟು ಸೇರಿಸಿಕೊಳ್ಳಿ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಹಾರ ಮತ್ತು ಚಟುವಟಿಕೆಯ ಬದಲಾವಣೆಯಿಂದಲೇ ಮಧುಮೇಹಕ್ಕೆ ಜಾರುವ ಅಪಾಯ ಶೇ 28.5ರಷ್ಟು ತಗ್ಗಿತ್ತು, ಅದೂ ತೂಕ ಹೇಳಿಕೊಳ್ಳುವಷ್ಟು ಇಳಿಯದೆಯೇ. ಸಣ್ಣಗಿರುವ ನಿಮಗೆ ಇದಕ್ಕಿಂತ ಭರವಸೆಯ ಮಾತಿಲ್ಲ.

ತಂದೆಗೆ ಮಧುಮೇಹವಿದ್ದುದರಿಂದ ನಿಮ್ಮ ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಲಿ. 30 ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ಬಿ.ಪಿ. ತಪಾಸಣೆ ಉಚಿತ.