ನೋವಿನ ಗುಳಿಗೆ, ಕಟ್ಟಿಕೊಂಡ ಹೊಟ್ಟೆ: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನಮ್ಮ ತಂದೆಯವರಿಗೆ 71 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದ್ದು, ಮೂರು ವಾರಕ್ಕೊಮ್ಮೆ ಕೀಮೋ ನಡೆಯುತ್ತಿದೆ. ನೋವಿಗೆಂದು ಎರಡು ತಿಂಗಳಿಂದ ಮಾರ್ಫಿನ್ ಗುಳಿಗೆ ಕೊಡುತ್ತಿದ್ದೇವೆ. ನೋವು ಹತೋಟಿಗೆ ಬಂದಿದೆ, ಆದರೆ ನಾಲ್ಕೈದು ದಿನಕ್ಕೊಮ್ಮೆ ಮಾತ್ರ ಮಲವಿಸರ್ಜನೆಯಾಗುತ್ತಿದೆ. ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ಅರ್ಧ ಗಂಟೆ ಕೂರುತ್ತಾರೆ. ಕೇಳಿದರೆ ಏನೂ ಇಲ್ಲ ಎನ್ನುತ್ತಾರೆ. ಹಣ್ಣು, ತರಕಾರಿ, ನೀರು ಎಷ್ಟು ಕೊಟ್ಟರೂ ಪ್ರಯೋಜನವಾಗಿಲ್ಲ. ಕಳೆದ ವಾರ ಹಾಸಿಗೆ ಬದಲಿಸುವಾಗ ಅವರ ದಿಂಬಿನ ಕವರಿನೊಳಗೆ ಆರು ಮಾರ್ಫಿನ್ ಗುಳಿಗೆಗಳು ಸಿಕ್ಕವು. ಎನಿಮಾ ಕೊಡಿ ಎಂದು ಒಬ್ಬರು ಹೇಳುತ್ತಾರೆ, ಭೇದಿ ಮಾತ್ರೆ ಕೊಟ್ಟರೆ ಅದೇ ಅಭ್ಯಾಸವಾಗಿಬಿಡುತ್ತದೆ ಎಂದು ಇನ್ನೊಬ್ಬರು ಹೆದರಿಸುತ್ತಾರೆ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಆರು ಗುಳಿಗೆಗಳು, ಅಲ್ಲಿಂದಲೇ ಆರಂಭಿಸುತ್ತೇನೆ. ಯಾವ ಗುಳಿಗೆಯಿಂದ ಹೊಟ್ಟೆ ಕಟ್ಟಿಕೊಳ್ಳುತ್ತಿದೆ ಎಂಬುದನ್ನು ನಿಮ್ಮ ತಂದೆಯವರು ತಾವೇ ಕಂಡುಕೊಂಡಿದ್ದಾರೆ, ಮಗಳ ಮುಂದೆ ಅದನ್ನು ಹೇಳಲು ನಾಚಿ ತಮಗೆ ತೋಚಿದ ದಾರಿ ಹಿಡಿದಿದ್ದಾರೆ. ನೋವನ್ನು ಸಹಿಸಬಲ್ಲೆ, ಶೌಚಾಲಯದಲ್ಲಿ ಆಗುವ ಯಾತನೆಯನ್ನು ಸಹಿಸಲಾರೆ ಎಂದು ಎಷ್ಟೋ ರೋಗಿಗಳು ನನ್ನ ಬಳಿ ಹೇಳಿದ್ದಾರೆ. ಹೇಳದೆ ಗುಳಿಗೆ ಬಚ್ಚಿಟ್ಟವರು ಅದಕ್ಕಿಂತ ಹೆಚ್ಚಿರಬಹುದು. ಆದ್ದರಿಂದ ಅವರನ್ನು ಗದರಿಸಬೇಡಿ. ಆದರೆ ಎರಡು ತಿಂಗಳು ತೆಗೆದುಕೊಂಡ ಮಾರ್ಫಿನ್ ಅನ್ನು ಹೀಗೆ ತಮ್ಮಷ್ಟಕ್ಕೆ ಬಿಟ್ಟರೆ ನೋವು ಮರಳುವುದರ ಜೊತೆಗೆ ಬೆವರು, ತಳಮಳ, ನಿದ್ರೆಗೇಡು ಕಾಣಿಸಿಕೊಳ್ಳುತ್ತವೆ ಎಂಬುದನ್ನು ಅವರಿಗೆ ಸಮಾಧಾನವಾಗಿ ತಿಳಿಸಿ, ಎಷ್ಟು ಗುಳಿಗೆ ತಪ್ಪಿದೆ ಎಂಬುದನ್ನು ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೂ ತಪ್ಪದೆ ಹೇಳಿ. ಹಲವು ಗುಳಿಗೆಗಳು ತಪ್ಪಿದ್ದರೆ ಮುಂದೆ ಯಾವ ಪ್ರಮಾಣದಿಂದ ಕೊಡಬೇಕೆಂದು ಅವರನ್ನು ಕೇಳಿಯೇ ಮುಂದುವರಿಯಿರಿ.

ಹಣ್ಣು, ನೀರು ಏಕೆ ಸಾಲದಾದವು ಎಂಬುದು ಅರ್ಥವಾದರೆ ಮುಂದಿನದೆಲ್ಲ ಸುಲಭ. ನೋವನ್ನು ತಗ್ಗಿಸಲು ಮಾರ್ಫಿನ್ ಮಿದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಯಾವ ಗ್ರಾಹಕಗಳನ್ನು (ನರಕೋಶಗಳ ಮೇಲೆ ಔಷಧ ಬಂದು ಕೂರುವ ತಾಣಗಳನ್ನು) ಹಿಡಿಯುತ್ತದೆಯೋ ಅವೇ ಗ್ರಾಹಕಗಳು ಕರುಳಿನ ಗೋಡೆಯ ನರಗಳಲ್ಲಿಯೂ ಇವೆ. ಅಲ್ಲಿ ಮಾರ್ಫಿನ್ ಕುಳಿತಾಗ ಕರುಳಿನ ತಳ್ಳುವ ಚಲನೆ ನಿಧಾನವಾಗುತ್ತದೆ, ಮಲ ದೊಡ್ಡ ಕರುಳಿನಲ್ಲಿ ಹೆಚ್ಚು ಹೊತ್ತು ನಿಂತು ಅದರ ನೀರು ಮೈಗೆ ಹೀರಿಹೋಗುತ್ತದೆ, ಗುದದ್ವಾರದ ಸ್ನಾಯು ಬಿಗಿಯುತ್ತದೆ. ಭೇದಿ ನಿಲ್ಲಿಸಲು ಮಾರ್ಫಿನ್‌ನ ಮೂಲವಾದ ಅಫೀಮನ್ನು ಶತಮಾನಗಳಿಂದ ಬಳಸುತ್ತ ಬಂದಿದ್ದಾರೆ, ಇಂದಿಗೂ ಭೇದಿಗೆ ಕೊಡುವ ಲೋಪರಮೈಡ್ ಅದೇ ವರ್ಗದ ಔಷಧ ಎಂದರೆ ನಿಮ್ಮ ತಂದೆಯವರ ಕರುಳಿನಲ್ಲಿ ಏನಾಗುತ್ತಿದೆ ಎಂದು ಊಹಿಸಬಹುದು. ನೋವಿಗೇ ಕೊಡುವ ಟ್ರಮಡಾಲ್, ಕೊಡೀನ್, ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ ಇವುಗಳದ್ದೂ ಇದೇ ಸ್ವಭಾವ, ಒಂದರದ್ದು ಹೆಚ್ಚು, ಒಂದರದ್ದು ಕಡಿಮೆ.

ಇಲ್ಲಿ ಒಂದು ಮುಖ್ಯ ಸಂಗತಿಯಿದೆ. ಮಾರ್ಫಿನ್ ಶುರುವಾದಾಗ ಬರುವ ವಾಕರಿಕೆ, ಮಂಪರುಗಳಿಗೆ ಮೈ ಕೆಲವು ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ; ಮಲಬದ್ಧತೆಗೆ ಮಾತ್ರ ಒಗ್ಗಿಕೊಳ್ಳುವುದಿಲ್ಲ. ಗುಳಿಗೆ ಇರುವಷ್ಟು ದಿನವೂ ಅದು ಇರುತ್ತದೆ. ಹಾಗಾಗಿ ಮಾರ್ಫಿನ್ ಬರೆದುಕೊಟ್ಟ ದಿನವೇ ಮಲ ಸಡಿಲಿಸುವ ಔಷಧವನ್ನೂ ಬರೆದುಕೊಡಬೇಕು ಎಂಬುದು ನೋವು ಚಿಕಿತ್ಸೆಯ ನಿಯಮ. ನಿಮ್ಮ ತಂದೆಯವರಿಗೆ ಅದನ್ನು ಯಾರೂ ಬರೆದುಕೊಟ್ಟಂತಿಲ್ಲ, ಅಥವಾ ಬರೆದುಕೊಟ್ಟದ್ದನ್ನು ಬೇಕೆನಿಸಿದಾಗ ಮಾತ್ರ ಕೊಡುವ ಔಷಧವೆಂದು ನೀವು ತಿಳಿದಿರಬಹುದು. ಮೂರು ದಿನ ಕಾದು, ಹೊಟ್ಟೆ ಕಲ್ಲಾದ ಮೇಲೆ ಒಂದು ಮಾತ್ರೆ ಕೊಟ್ಟು, ಭೇದಿಯಾದ ಕೂಡಲೇ ನಿಲ್ಲಿಸಿ, ಮತ್ತೆ ಮೂರು ದಿನ ಕಾಯುವ ಪದ್ಧತಿ ಬಹಳ ಮನೆಗಳಲ್ಲಿದೆ. ರೋಗಿಯನ್ನು ಬಸವಳಿಸುವುದು ಇದೇ. ಔಷಧವನ್ನು ದಿನವೂ, ಒಂದೇ ಹೊತ್ತಿಗೆ, ಮಲ ಸರಿಯಾಗಿ ಹೋಗುತ್ತಿರುವಾಗಲೂ ಕೊಡಬೇಕು. ಹೆಚ್ಚು ಸಡಿಲವಾದರೆ ವೈದ್ಯರನ್ನು ಕೇಳಿ ಪ್ರಮಾಣ ಇಳಿಸಬೇಕೇ ಹೊರತು ಪೂರ್ತಿ ನಿಲ್ಲಿಸಬಾರದು.

ಯಾವ ಔಷಧ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು, ಆದರೆ ಅವರ ಜೊತೆ ಮಾತನಾಡಲು ಇಷ್ಟು ತಿಳಿದಿರಲಿ. ಸೆನ್ನಾ, ಬೈಸಕೊಡಿಲ್ ಎಂಬವು ಕರುಳನ್ನು ಚುರುಕುಗೊಳಿಸಿ ತಳ್ಳಿಸುವ ಮಾತ್ರೆಗಳು; 6ರಿಂದ 12 ಗಂಟೆಗಳಲ್ಲಿ ಕೆಲಸ ಮಾಡುವುದರಿಂದ ರಾತ್ರಿ ಮಲಗುವಾಗ ಕೊಟ್ಟರೆ ಬೆಳಿಗ್ಗೆ ಫಲ ಸಿಗುತ್ತದೆ. ಬೈಸಕೊಡಿಲ್ ಮಾತ್ರೆಯನ್ನು ಹಾಲಿನ ಜೊತೆ ಅಥವಾ ಆಮ್ಲ ಶಮನದ ಔಷಧದ ಜೊತೆ ಕೊಡಬಾರದು, ಪುಡಿ ಮಾಡಲೂಬಾರದು. ಹಾಗೆ ಮಾಡಿದರೆ ಅದರ ಹೊರಕವಚ ಹೊಟ್ಟೆಯಲ್ಲೇ ಕರಗಿ ಉರಿ, ನುಲಿತ ಬರುತ್ತದೆ. ಲ್ಯಾಕ್ಟುಲೋಸ್ ಸಿರಪ್ಪು, ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಇವು ಕರುಳಿನೊಳಗೆ ನೀರನ್ನು ಹಿಡಿದಿಟ್ಟು ಮಲವನ್ನು ಮೆದುಗೊಳಿಸುತ್ತವೆ. ಇವು ಪರಿಣಾಮ ತೋರಿಸಲು ಒಂದರಿಂದ ಮೂರು ದಿನ ಹಿಡಿಯುತ್ತದೆ. ಒಂದು ಹೊತ್ತು ಕೊಟ್ಟು ಕೆಲಸ ಮಾಡಲಿಲ್ಲ ಎಂದು ಬಿಟ್ಟುಬಿಡಬೇಡಿ. ಲ್ಯಾಕ್ಟುಲೋಸ್‌ನಿಂದ ಕೆಲವರಿಗೆ ಹೊಟ್ಟೆಯುಬ್ಬರ ಆಗುತ್ತದೆ, ಅಂಥವರಿಗೆ ಪುಡಿ ಮೇಲು. ಮಾರ್ಫಿನ್ ತೆಗೆದುಕೊಳ್ಳುವವರಿಗೆ ಬರೀ ಮೆದು ಮಾಡಿದರೆ ಸಾಲದು, ತಳ್ಳಿಸುವುದೂ ಬೇಕಾಗುತ್ತದೆ. ಹೀಗಾಗಿ ಹಲವರಿಗೆ ಎರಡನ್ನೂ ಸೇರಿಸಿ ಕೊಡುತ್ತಾರೆ. ಇವುಗಳಿಂದಲೂ ಆಗದಿದ್ದರೆ, ನೋವು ಶಮನಕ್ಕೆ ಅಡ್ಡಿಯಾಗದಂತೆ ಕರುಳಿನಲ್ಲಿ ಮಾತ್ರ ಮಾರ್ಫಿನ್‌ನ ಹಿಡಿತವನ್ನು ಬಿಡಿಸುವ ಮೀಥೈಲ್‌ನಾಲ್ಟ್ರೆಕ್ಸೋನ್, ನಾಲ್ಡೆಮೆಡೀನ್‌ನಂಥ ಔಷಧಗಳೂ ಇವೆ.

ಇಸಬ್‌ಗೋಲಿನ ವಿಷಯದಲ್ಲಿ ಎಚ್ಚರಿಕೆ ಬೇಕು. ಆರೋಗ್ಯವಂತರಿಗೆ ಒಳ್ಳೆಯದೇ, ಆದರೆ ನಾರಿನ ಪುಡಿಗಳು ನೀರು ಹೀರಿ ಉಬ್ಬುವಂಥವು. ಚಲನೆಯೇ ನಿಧಾನವಾದ ಕರುಳಿಗೆ, ಸಾಕಷ್ಟು ನೀರು ಕುಡಿಯಲಾಗದ ರೋಗಿಗೆ ಅದನ್ನು ಕೊಟ್ಟರೆ ಅದು ಒಳಗೇ ಗಟ್ಟಿ ಮುದ್ದೆಯಾಗಿ ದಾರಿಯನ್ನು ಕಟ್ಟಬಹುದು. ಹಣ್ಣು, ತರಕಾರಿಯನ್ನು ನಿಮ್ಮ ತಂದೆಯವರು ಇಷ್ಟಪಟ್ಟಷ್ಟು ತಿನ್ನಲಿ, ನಾರಿನ ಹೆಸರಿನಲ್ಲಿ ಒತ್ತಾಯ ಬೇಡ. ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ನೀರಿನ ಮಿತಿ ಹೇಳಿಲ್ಲದಿದ್ದರೆ ಲೋಟ ಪೂರ್ತಿ ಒಮ್ಮೆಗೇ ಕುಡಿಸುವ ಬದಲು ಗಂಟೆಗೊಮ್ಮೆ ನಾಲ್ಕು ಗುಟುಕು ಕೊಡಿ.

ಅಭ್ಯಾಸವಾಗಿಬಿಡುತ್ತದೆ ಎಂಬ ಭಯವನ್ನು ಈ ಸಂದರ್ಭದಲ್ಲಿ ಬದಿಗಿಡಿ. ಕರುಳನ್ನು ನಿಧಾನಗೊಳಿಸುವ ಔಷಧವನ್ನು ದಿನವೂ ಕೊಡುತ್ತಿರುವಾಗ ಅದನ್ನು ಚಲಿಸುವಂತೆ ಮಾಡುವ ಔಷಧವನ್ನೂ ದಿನವೂ ಕೊಡಲೇಬೇಕು.

ಎನಿಮಾ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ: ಕೀಮೋ ನಡೆಯುತ್ತಿರುವವರಿಗೆ ವೈದ್ಯರನ್ನು ಕೇಳದೆ ಮನೆಯಲ್ಲಿ ಎನಿಮಾ ಕೊಡಬೇಡಿ, ಗುದದ್ವಾರದಲ್ಲಿ ಇಡುವ ಮಾತ್ರೆಯನ್ನೂ ಬಳಸಬೇಡಿ, ಬೆರಳಿನಿಂದ ಮಲ ತೆಗೆಯಲು ಹೋಗಬೇಡಿ. ಅನೇಕ ಕೀಮೋ ಔಷಧಗಳಲ್ಲಿ, ಕೊಟ್ಟ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳು ತೀರ ಕೆಳಗಿಳಿದಿರುತ್ತವೆ, ಪ್ಲೇಟ್‌ಲೆಟ್‌ಗಳೂ ಕಡಿಮೆಯಾಗಿರಬಹುದು. ಆ ಹೊತ್ತಿನಲ್ಲಿ ಗುದದ್ವಾರದ ತೆಳು ಪೊರೆಗೆ ಕಣ್ಣಿಗೆ ಕಾಣದಷ್ಟು ಗೀರು ಬಿದ್ದರೂ ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಪ್ರಾಣಾಪಾಯ ತರಬಲ್ಲವು. ರಕ್ತ ನಿಲ್ಲದೆ ಹೋಗಬಹುದು. ಇದೇ ಕಾರಣಕ್ಕೆ ತಿಣುಕುವುದೂ ಒಳ್ಳೆಯದಲ್ಲ.

ತಂದೆಯವರ ಬೇರೆ ಔಷಧಗಳ ಪಟ್ಟಿಯನ್ನೂ ಒಮ್ಮೆ ವೈದ್ಯರ ಮುಂದಿಡಿ. ಕೀಮೋ ದಿನಗಳಲ್ಲಿ ವಾಂತಿ ತಡೆಯಲು ಕೊಡುವ ಆಂಡನ್‌ಸೆಟ್ರಾನ್, ಗ್ರಾನಿಸೆಟ್ರಾನ್ ಕೂಡ ಹೊಟ್ಟೆ ಕಟ್ಟುತ್ತವೆ. ಪ್ರತಿ ಸುತ್ತಿನ ಮೊದಲ ವಾರ ಹೆಚ್ಚು ತೊಂದರೆ ಎನಿಸಿದರೆ ಕಾರಣ ಅಲ್ಲಿರಬಹುದು, ಆ ವಾರ ಸಡಿಲಿಸುವ ಔಷಧವನ್ನು ಮೊದಲೇ ಏರಿಸಿಕೊಳ್ಳಬಹುದು. ಮೂಳೆಯ ಸಲುವಾಗಿ ಕೊಡುವ ಕ್ಯಾಲ್ಸಿಯಂ, ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲೀನ್ ಇವುಗಳೂ ತಮ್ಮ ಪಾಲು ಸೇರಿಸುತ್ತವೆ. ಬೇರೆ ಬಗೆಯ ಕ್ಯಾನ್ಸರಿಗೆ ವಿನ್‌ಕ್ರಿಸ್ಟೀನ್ ಪಡೆಯುತ್ತಿರುವವರ ಮನೆಯವರೂ ಇದನ್ನು ಓದುತ್ತಿರಬಹುದು: ಆ ಔಷಧ ಕರುಳಿನ ನರಗಳನ್ನೇ ಬಾಧಿಸುತ್ತದೆ, ಅಲ್ಲಿ ಮುನ್ನೆಚ್ಚರಿಕೆ ಇನ್ನೂ ಹೆಚ್ಚು ಬೇಕು.

ಇನ್ನು ಆ ನಲ್ಲಿಯ ಶಬ್ದ. ತಾನು ತಿಣುಕುವುದು ಹೊರಗೆ ಕೇಳಬಾರದೆಂದು ಅವರು ನಲ್ಲಿ ಬಿಡುತ್ತಿದ್ದಾರೆ ಎಂದು ನನಗನ್ನಿಸುತ್ತದೆ. ಅವರ ಆ ಮರ್ಯಾದೆಯನ್ನು ಕಾಪಾಡಿ. ಬಾಗಿಲ ಹೊರಗೆ ನಿಂತು ಆಯಿತೇ ಎಂದು ಕೇಳುವುದನ್ನು ಬಿಟ್ಟು ಒಂದು ಪುಟ್ಟ ಪುಸ್ತಕವನ್ನೂ ಪೆನ್ಸಿಲನ್ನೂ ಅವರ ಕೈಗೆ ಕೊಡಿ. ದಿನಾಂಕ, ಮಲ ಗಟ್ಟಿಯೋ ಮೆದುವೋ, ತಿಣುಕಬೇಕಾಯಿತೋ ಇಲ್ಲವೋ, ಅಂದು ತೆಗೆದುಕೊಂಡ ಔಷಧ ಇಷ್ಟನ್ನು ಅವರೇ ಬರೆದಿಡಲಿ. ಬಾಯಿಂದ ಹೇಳಲಾರದ್ದನ್ನು ಬರೆಯುವುದು ಹಲವರಿಗೆ ಸುಲಭ. ಬ್ರಿಸ್ಟಲ್ ಮಲ ಮಾಪಕ ಎಂಬ ಚಿತ್ರಪಟವೊಂದಿದೆ, ಅದರಲ್ಲಿ ಮಲದ ರೂಪಕ್ಕೆ 1ರಿಂದ 7ರವರೆಗೆ ಸಂಖ್ಯೆಗಳಿವೆ: ಬಿಡಿ ಗೋಲಿಗಳಂತೆ ಬಿದ್ದರೆ 1, ಗಂಟುಗಂಟಾದ ಗಟ್ಟಿ ಮಲ 2, ನಯವಾಗಿ ಮೆದುವಾಗಿದ್ದರೆ 4, ಪೂರ್ತಿ ನೀರಾದರೆ 7. ನಿಮ್ಮ ತಂದೆಯವರು ಬರೀ ಸಂಖ್ಯೆ ಬರೆದರೂ ವೈದ್ಯರಿಗೆ ಅರ್ಥವಾಗುತ್ತದೆ. ಬೆಳಗಿನ ತಿಂಡಿಯ ಬಳಿಕ ಅರ್ಧ ಗಂಟೆಯೊಳಗೆ ದೊಡ್ಡ ಕರುಳು ತಾನಾಗಿ ಚಲಿಸುವ ಹೊತ್ತು. ಆಗ ಹೋಗಿ ಕೂರಲಿ. ಎತ್ತರದ ಕಮೋಡ್ ಆದರೆ ಪಾದದಡಿ ಗಿಡ್ಡ ಮಣೆಯೊಂದನ್ನಿಟ್ಟು, ಮೊಣಕಾಲು ಸೊಂಟಕ್ಕಿಂತ ಮೇಲಿರುವಂತೆ, ಮೊಣಕೈಗಳನ್ನು ತೊಡೆಯ ಮೇಲೂರಿ ಮುಂದಕ್ಕೆ ಬಾಗಿ ಕುಳಿತರೆ ಗುದನಾಳ ನೇರವಾಗಿ ಮಲ ಇಳಿಯುವುದು ಸಲೀಸಾಗುತ್ತದೆ. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದು ಬರಲಿ.

ಮೂರು ದಿನ ಮಲ ಹೋಗದಿದ್ದರೆ ನಾಲ್ಕನೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ. ಹೊಟ್ಟೆ ಬಿಗಿದುಕೊಂಡು ಅಲೆ ಅಲೆಯಾಗಿ ನುಲಿಯುತ್ತಿದ್ದು, ವಾಂತಿಯಾಗುತ್ತ, ಗಾಳಿಯೂ ಹೋಗದಿದ್ದರೆ ಕರುಳು ಅಡಚಿಕೊಂಡಿರುವ ಸಾಧ್ಯತೆಯಿದೆ. ಆಗ ಭೇದಿ ಔಷಧ ಕೊಡಬಾರದು, ಕೂಡಲೇ ಕರೆದೊಯ್ಯಬೇಕು. ಜ್ವರ, ಮಲದಲ್ಲಿ ರಕ್ತ ಕಂಡರೂ ತಡಮಾಡಬೇಡಿ. ನಿಮ್ಮ ತಂದೆಯವರ ಮೂಳೆಗಳಿಗೆ ರೋಗ ಹರಡಿರುವುದರಿಂದ ಇನ್ನೊಂದು ಮಾತು: ಮಲಬದ್ಧತೆಯ ಜೊತೆ ಹೊಸದಾಗಿ ಬೆನ್ನುನೋವು, ಕಾಲುಗಳಲ್ಲಿ ಬಲ ಇಳಿದಂತಾಗುವುದು, ತೊಡೆಸಂದಿನ ಸುತ್ತ ಜೋಮು, ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು ಇವುಗಳಲ್ಲಿ ಯಾವುದು ಕಂಡರೂ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ಅದು ಅಂದೇ, ಆ ಗಂಟೆಯಲ್ಲೇ ನೋಡಬೇಕಾದ ಸ್ಥಿತಿ; ತಡವಾದರೆ ಕಾಲಿನ ಶಕ್ತಿ ಮರಳದೆ ಹೋಗಬಹುದು.

ಪ್ರಶ್ನೆ: ನನ್ನ ತಾಯಿಗೆ ಅಂಡಾಶಯದ ಕ್ಯಾನ್ಸರ್. ಒಂದು ವಾರ ಮಲ ಹೋಗದೆ ಒದ್ದಾಡಿದರು. ಈಗ ಎರಡು ದಿನದಿಂದ ನೀರಾಗಿ ಸ್ವಲ್ಪ ಸ್ವಲ್ಪವೇ, ಅವರಿಗೆ ತಿಳಿಯದೆಯೇ ಬಟ್ಟೆಯಲ್ಲಿ ಹೋಗುತ್ತಿದೆ. ಭೇದಿ ನಿಲ್ಲುವ ಮಾತ್ರೆ ಕೊಡಬಹುದೇ?

ಉತ್ತರ: ಕೊಡಬೇಡಿ. ಒಂದು ವಾರದ ಮಲಬದ್ಧತೆಯ ಬೆನ್ನಿಗೇ ಹೀಗೆ ನೀರು ಜಿನುಗುತ್ತಿದ್ದರೆ ಅದು ಭೇದಿಯಲ್ಲದಿರುವ ಸಂಭವವೇ ಹೆಚ್ಚು. ಗುದನಾಳದಲ್ಲಿ ಗಟ್ಟಿ ಮಲ ಬಿರಡೆಯಂತೆ ಕೂತಿದ್ದು, ಅದರ ಹಿಂದಿನ ತೆಳು ಮಲ ಪಕ್ಕದಿಂದ ಸೋರುತ್ತಿರುತ್ತದೆ. ಭೇದಿ ನಿಲ್ಲುವ ಮಾತ್ರೆ ಕೊಟ್ಟರೆ ಆ ಬಿರಡೆ ಇನ್ನಷ್ಟು ಬಿಗಿಯುತ್ತದೆ. ಹಾಗೆಂದು ಮನೆಯಲ್ಲೇ ಜೋರಾದ ಭೇದಿ ಔಷಧ ಕೊಡುವುದೂ ಸರಿಯಲ್ಲ, ಏಕೆಂದರೆ ಅಂಡಾಶಯದ ಕ್ಯಾನ್ಸರಿನಲ್ಲಿ ಗೆಡ್ಡೆಯೇ ಕರುಳನ್ನು ಒತ್ತಿ ಅಡಚಿರಬಹುದು. ಎರಡನ್ನೂ ಬೇರೆಮಾಡಿ ಹೇಳಲು ವೈದ್ಯರು ಹೊಟ್ಟೆ ಮುಟ್ಟಿ ನೋಡಬೇಕು, ರಕ್ತಕಣಗಳ ಎಣಿಕೆ ನೋಡಿಕೊಂಡು ಒಳಪರೀಕ್ಷೆ ಮಾಡಬೇಕು, ಎಕ್ಸ್‌ರೇ ಅಥವಾ ಸ್ಕ್ಯಾನ್ ಬೇಕಾಗಬಹುದು. ಇಂದೇ ಕರೆದೊಯ್ಯಿರಿ. ಕೊನೆಯ ಬಾರಿ ಗಟ್ಟಿ ಮಲ ಹೋದ ದಿನಾಂಕವನ್ನು ನೆನಪಿಟ್ಟು ಹೇಳಿ. ಅಲ್ಲಿಯವರೆಗೆ ಅವರನ್ನು ಒದ್ದೆಯಲ್ಲಿ ಬಿಡದೆ ಬೆಚ್ಚಗಿನ ನೀರಿನಲ್ಲಿ ಮೆಲ್ಲನೆ ತೊಳೆದು, ಉಜ್ಜದೆ ಒತ್ತಿ ಒರೆಸಿ, ವ್ಯಾಸಲೀನ್ ಸವರಿ. ಬಟ್ಟೆ ಕೆಡಿಸಿಕೊಂಡೆ ಎಂದು ಅವರು ಕಣ್ಣೀರು ಹಾಕಿದರೆ, ಇದು ಕಾಯಿಲೆ ಮಾಡಿದ ಕೆಲಸ ಎಂದು ಹೇಳಿ.

ಪ್ರಶ್ನೆ: ಅಮ್ಮ ದಿನಕ್ಕೆ ನಾಲ್ಕು ತುತ್ತು ಸಹ ತಿನ್ನುತ್ತಿಲ್ಲ. ಊಟವೇ ಇಲ್ಲದ ಮೇಲೆ ಮಲ ಎಲ್ಲಿಂದ ಬರಬೇಕು, ಔಷಧವೇಕೆ ಎನ್ನುತ್ತಾರೆ ಅಣ್ಣ. ಸರಿಯೇ?

ಉತ್ತರ: ಹಾಗೆ ಅನ್ನಿಸುವುದು ಸಹಜ, ಆದರೆ ಮಲವೆಂದರೆ ಉಂಡ ಆಹಾರದ ಶೇಷ ಮಾತ್ರವಲ್ಲ. ಕರುಳಿನ ಬ್ಯಾಕ್ಟೀರಿಯಾ, ಉದುರುವ ಒಳಪೊರೆಯ ಜೀವಕೋಶಗಳು, ಕರುಳಿನ ಸ್ರಾವಗಳು ಸೇರಿ ಊಟವಿಲ್ಲದ ದಿನಗಳಲ್ಲಿಯೂ ಮಲ ಉಂಟಾಗುತ್ತಲೇ ಇರುತ್ತದೆ, ಪ್ರಮಾಣ ಕಡಿಮೆ ಇರಬಹುದು ಅಷ್ಟೆ. ಹೊಟ್ಟೆ ಕಟ್ಟಿರುವುದೇ ಹಸಿವಾಗದಿರಲು, ವಾಕರಿಕೆಗೆ ಕಾರಣವಾಗಿರುವ ಉದಾಹರಣೆಗಳನ್ನು ನಾನು ಬಹಳ ನೋಡಿದ್ದೇನೆ. ಎರಡು ದಿನ ಮಲ ಸರಿಯಾಗಿ ಹೋದ ಮೇಲೆ ತಾವಾಗಿಯೇ ಊಟ ಕೇಳಿದವರಿದ್ದಾರೆ. ಅದರ ಜೊತೆಗೆ ಅಮ್ಮನಿಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಂಕು ಅಥವಾ ಮಾತಿನಲ್ಲಿ ಗೊಂದಲ ಇದೆಯೇ ಎಂದು ಗಮನಿಸಿ. ಕೆಲವು ಕ್ಯಾನ್ಸರ್‌ಗಳಲ್ಲಿ ರಕ್ತದ ಕ್ಯಾಲ್ಸಿಯಂ ಏರಿದಾಗ ಇವೆಲ್ಲ ಮಲಬದ್ಧತೆಯ ಜೊತೆಜೊತೆಗೇ ಬರುತ್ತವೆ. ಒಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ. ಔಷಧ ನಿಲ್ಲಿಸುವ ಮುನ್ನ ಆ ಪರೀಕ್ಷೆ ಮಾಡಿಸಲು ಅಣ್ಣನಿಗೆ ಹೇಳಿ.